ಲೆಕ್ಕದಲ್ಲಿ ಕಳೆದುಹೋದ ಮಗಳು

ಒಂದು ಮನೆ ಅಂದಮೇಲೆ ಅದರಲ್ಲಿ ಒಬ್ಬರಾದರೂ ದಡ್ಡರು ಇರಬೇಕು. ಇಲ್ಲದಿದ್ದರೆ ಉಳಿದವರು ಬುದ್ಧಿವಂತರು ಎಂದು ಗೊತ್ತಾಗುವುದು ಹೇಗೆ? ನಮ್ಮ ಮನೆಯಲ್ಲಿ ಈ ಜಾಗ ಖಾಲಿ ಇದೆ ಎಂದೇ ನಾನು ಬಹಳ ವರ್ಷ ನಂಬಿಕೊಂಡಿದ್ದೆ. ನಮ್ಮನೆಯವರು ತಾವು ಬುದ್ಧಿವಂತರು ಎಂದು ದಿನಕ್ಕೊಂದು ಸಲವಾದರೂ ಹೇಳಿಕೊಳ್ಳುತ್ತಿದ್ದರು. ಮಗ ರಾಮು ಆಫೀಸಿನಲ್ಲಿ ಹೇಳಿಕೊಂಡು ಬರುತ್ತಿದ್ದ. ಸೊಸೆ ಗಿರಿಜಾ ಬಾಯಿಬಿಟ್ಟು ಹೇಳುವವಳಲ್ಲ, ಅವಳ ಮುಖವೇ ಹೇಳುತ್ತಿತ್ತು. ನಾನೂ ಕಡಿಮೆಯವಳೇನಲ್ಲ, ಸಾರಿನ ವಾಸನೆ ಹಿಡಿದೇ ಉಪ್ಪು ಬಿದ್ದಿದೆಯೋ ಇಲ್ಲವೋ ಹೇಳಬಲ್ಲೆ. ಹಾಗಾಗಿ ಬುದ್ಧಿವಂತರ ಸಾಲಿನ ಕೊನೆಯಲ್ಲಾದರೂ ನನಗೊಂದು ಜಾಗ ಇದೆ ಎಂದುಕೊಂಡು ನೆಮ್ಮದಿಯಾಗಿದ್ದೆ. ಆ ನೆಮ್ಮದಿಗೆ ಕಲ್ಲು ಹಾಕಿದವಳು ಮೊಮ್ಮಗಳು ವಸು.

ವಸು ಆಗ ಒಂಬತ್ತನೇ ಕ್ಲಾಸು. ನಮ್ಮ ಮಲ್ಲೇಶ್ವರದ ಮನೆಯಿಂದ ಎರಡು ಕ್ರಾಸು ದಾಟಿದರೆ ಅವಳ ಸ್ಕೂಲು. ಎಲ್ಲ ವಿಷಯದಲ್ಲೂ ಚುರುಕು, ಲೆಕ್ಕ ಒಂದು ಬಂದರೆ ಮಾತ್ರ ಕೈಕಾಲು ತಣ್ಣಗಾಗುತ್ತಿತ್ತು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಲೆಕ್ಕಕ್ಕೆ ಬಂದ ಮಾರ್ಕನ್ನು ನಾನು ಇಲ್ಲಿ ಬರೆಯುವುದಿಲ್ಲ, ಹುಡುಗಿಯ ಮಾನದ ಪ್ರಶ್ನೆ. ಒಂದು ಸಂಜೆ ಸ್ಕೂಲಿಂದ ಬಂದವಳು ಚೀಲ ಕೂಡ ಇಳಿಸದೆ ಹೇಳಿದಳು: "ಲೆಕ್ಕದ ಮಿಸ್ಸು ಒಂದು ಉಪಾಯ ಹೇಳಿದಾರೆ. ಮನೇಲಿ ಲೆಕ್ಕದ ಗಂಧವೇ ಇಲ್ಲದೋರು ಯಾರಾದ್ರೂ ಇದ್ರೆ ಅವರನ್ನ ಎದುರಿಗೆ ಕೂರಿಸ್ಕೊಂಡು ದಿನಾ ಜೋರಾಗಿ ಹೇಳ್ಕೊಡಬೇಕಂತೆ. ಅವರಿಗೆ ಅರ್ಥ ಆಗೋ ಹೊತ್ತಿಗೆ ನಂಗೆ ಅರ್ಥ ಆಗಿರುತ್ತಂತೆ."

ಎಲ್ಲರ ಕತ್ತೂ ಒಟ್ಟಿಗೆ ನನ್ನ ಕಡೆ ತಿರುಗಿತು. ಗೋಡೆಯ ಮೇಲಿನ ಫೋಟೋದಲ್ಲಿದ್ದ ನಮ್ಮತ್ತೆಯವರು ಕೂಡ ನನ್ನನ್ನೇ ನೋಡುತ್ತಿದ್ದಂತೆ ಕಂಡಿತು. ಹೀಗೆ ಯಾರ ವಿರೋಧವೂ ಇಲ್ಲದೆ ನಾನು ಆಯ್ಕೆಯಾದೆ.

ನನಗೆ ಸಿಟ್ಟು ಬಂತು. ನಾನೇನು ಸ್ಕೂಲಿನ ಮುಖ ನೋಡದವಳೇ? ಮೂರನೇ ಕ್ಲಾಸಿನವರೆಗೆ ಹೋಗಿದ್ದೇನೆ. ಮಗ್ಗಿ ಹದಿನಾರರವರೆಗೂ ಬರುತ್ತಿತ್ತು. ಆಮೇಲೆ ನಮ್ಮ ತಂದೆ "ಹೆಣ್ಣುಮಗೂಗೆ ಇಷ್ಟು ಸಾಕು" ಅಂದರು, ಸ್ಲೇಟು ತಮ್ಮನ ಪಾಲಾಯಿತು. ಅಳಬೇಕು ಎಂದು ಆಗ ಹೊಳೆಯಲೂ ಇಲ್ಲ. ಅದಿರಲಿ. "ಬೇಕಾದ್ರೆ ನಿಮ್ಮ ತಾತನಿಗೆ ಹೇಳ್ಕೊಡು, ಅವರಿಗೇನು ಬರುತ್ತೆ?" ಅಂತ ನಾನು ರೇಗಿದೆ. ಆದರೆ ಅದೇ ರಾತ್ರಿ ಊಟಕ್ಕೆ ಕೂತಾಗ ರಾಮು ಒಂದು ಮಾತು ಹೇಳಿದ. "ನೋಡಮ್ಮಾ, ಈ ಸಲ ಲೆಕ್ಕದಲ್ಲಿ ಹೋದ್ರೆ ಒಂಬತ್ತರಲ್ಲೇ ಕೂರಿಸ್ತಾರೆ. ಹಾಗಾದ್ರೆ ಮತ್ತೆ ಕಳಿಸಲ್ಲ ನಾನು. ಹೊಲಿಗೆ ಕ್ಲಾಸಿಗೆ ಸೇರಿಸ್ಬಿಡ್ತೀನಿ. ಇಷ್ಟು ಓದಿದ್ದು ಸಾಕು." ಆ "ಸಾಕು" ನನಗೆ ಹಳೆಯ ಪರಿಚಯ. ವಸು ತಟ್ಟೆಯಿಂದ ತಲೆ ಎತ್ತಲಿಲ್ಲ. ಮುಂದೆ ಕಾಲೇಜಿಗೆ ಹೋಗಿ ಸೈನ್ಸು ಓದಬೇಕು ಅಂತ ಆ ಹುಡುಗಿ ನನ್ನ ಹತ್ತಿರ ಮಾತ್ರ ಹೇಳಿಕೊಂಡಿದ್ದಳು. ಮಾರನೇ ದಿನದಿಂದಲೇ ನಾನು ದಡ್ಡಿಯಾಗಿ ಕೆಲಸಕ್ಕೆ ಹಾಜರಾದೆ.

ಆಗ ಅವರೆಕಾಯಿ ಕಾಲ. ಎಂಟನೇ ಕ್ರಾಸಿನ ಮಾರ್ಕೆಟ್ಟಿನಿಂದ ನಮ್ಮನೆಯವರು ಸೊಗಡಿನ ಕಾಯಿ ಎಂದು ಚೀಲಗಟ್ಟಲೆ ಹೊತ್ತು ತರುವರು. ಸುಲಿಯುವುದು, ನೆನೆಹಾಕುವುದು, ಹಿತುಕುವುದು ಎಲ್ಲ ನನ್ನ ಪಾಲು. ಸಂಜೆ ಕಾಫಿ ಆದಮೇಲೆ ನಡುಮನೆಯಲ್ಲಿ ಮೊರ ಇಟ್ಟುಕೊಂಡು ನಾನು ಕಾಯಿ ಸುಲಿಯಬೇಕು, ವಸು ಎದುರಿಗೆ ಕೂತು ಪಾಠ ಹೇಳಬೇಕು, ನಮ್ಮನೆಯವರು ಆರಾಮಕುರ್ಚಿಯಲ್ಲಿ ಪೇಪರಿನ ಹಿಂದೆ ಕೂತು ಯಾರೂ ಕೇಳದಿದ್ದರೂ ಬಾಯಿ ಹಾಕಬೇಕು. ಇದು ಏರ್ಪಾಟು.

ಮೊದಲ ದಿನದ ಲೆಕ್ಕ ಹೀಗಿತ್ತು: ತಾಯಿ ಮತ್ತು ಮಗಳ ವಯಸ್ಸನ್ನು ಕೂಡಿದರೆ ನಲವತ್ತೆಂಟು. ತಾಯಿಯ ವಯಸ್ಸು ಮಗಳ ವಯಸ್ಸಿನ ಮೂರರಷ್ಟು. ಹಾಗಾದರೆ ಇಬ್ಬರ ವಯಸ್ಸೆಷ್ಟು?

"ಯಾರಾದ್ರೂ ತಾಯಿ ಮಗಳ ವಯಸ್ಸನ್ನ ಕೂಡ್ತಾರೇನೇ? ದೃಷ್ಟಿ ಆಗುತ್ತೆ," ಅಂದೆ.

"ಅಜ್ಜೀ, ಇದು ಲೆಕ್ಕ. ತಾಯಿಯ ವಯಸ್ಸು ಎಕ್ಸ್ ಅಂತ ಇಟ್ಕೋ."

"ಯಾಕೆ, ಎಷ್ಟು ಅಂತ ಆಯಮ್ಮನಿಗೆ ಗೊತ್ತಿಲ್ವಾ?"

"ನಮಗೆ ಗೊತ್ತಿಲ್ಲ. ಅದಕ್ಕೇ ಇಟ್ಕೊಳ್ಳೋದು."

"ಗೊತ್ತಿಲ್ಲದಿದ್ರೆ ಹೋಗಿ ಕೇಳ್ಬೇಕು. ಕೂತಲ್ಲೇ ಕೂತು ಇಟ್ಕೊಳ್ಳೋದೇನು?"

ನೀವೇ ಹೇಳಿ, ನಾನಂದದ್ದರಲ್ಲಿ ಏನು ತಪ್ಪು? ಪಕ್ಕದ ಮನೆಯವರ ಸೊಸೆಗೆ ವಯಸ್ಸೆಷ್ಟು ಎಂದು ನನಗೆ ತಿಳಿಯಬೇಕಾದಾಗ ನಾನು ಎಕ್ಸು ವೈ ಎನ್ನುತ್ತ ಕೂತಿದ್ದೆನೇ? ಕುಂಕುಮ ಕೊಡುವ ನೆಪದಲ್ಲಿ ಹೋದೆ, ಯಾವ ವರ್ಷ ಮದುವೆ, ಯಾವ ವರ್ಷ ಬಸಿರು ಎಂದು ವಿಚಾರಿಸಿದೆ, ಬಂದೆ. ಈ ಲೆಕ್ಕದವರಿಗೆ ಎದ್ದು ಹೋಗಲು ಸೋಮಾರಿತನ. ಇದನ್ನು ನಾನು ಹೇಳಿದಾಗ ನಮ್ಮನೆಯವರು ಪೇಪರು ಇಳಿಸಿ, "ಇವಳೇ, ನಿನಗೆ ತಿಳಿಯೋದಿಲ್ಲ. ಸಮೀಕರಣ ಅಂದ್ರೆ ತಕ್ಕಡಿ. ಈ ಕಡೆ ಎಷ್ಟೋ ಆ ಕಡೆಯೂ ಅಷ್ಟೇ" ಅಂದು ಮತ್ತೆ ಪೇಪರು ಏರಿಸಿದರು. ಅವರಿಗೆ ಗೊತ್ತಿದ್ದದ್ದು ಅಷ್ಟೇ. ಮಿಲ್ಲಿನ ಆಫೀಸಿನಲ್ಲಿ ಇಡೀ ಆಯಸ್ಸು ಹೀಗೇ ಒಂದೊಂದು ಮಾತು ಆಡಿ ಪೇಪರು ಏರಿಸಿಯೇ ರಿಟೈರಾದರು ಎಂದು ನನ್ನ ಅನುಮಾನ.

ವಸು ಬಿಡಲಿಲ್ಲ. "ಎಕ್ಸ್ ತಾಯಿ, ವೈ ಮಗಳು. ಎರಡೂ ಕೂಡಿದ್ರೆ ನಲವತ್ತೆಂಟು. ಹಾಗಾದ್ರೆ ತಾಯಿ ಅಂದ್ರೆ ಏನಾಯ್ತು? ನಲವತ್ತೆಂಟರಲ್ಲಿ ಮಗಳನ್ನ ಕಳೆದಿದ್ದು. ಇನ್ಮೇಲೆ ತಾಯಿ ಎಲ್ಲಿ ಬಂದ್ರೂ ಅವಳ ಜಾಗದಲ್ಲಿ ಇದನ್ನ ಕೂರಿಸ್ಬೇಕು. ಇದಕ್ಕೆ ಆದೇಶ ವಿಧಾನ ಅಂತಾರೆ."

"ಅಂದ್ರೆ ಹುಣಸೆಹಣ್ಣು ಇಲ್ಲದಾಗ ನಿಂಬೆಹಣ್ಣು ಹಿಂಡೋ ಹಾಗೆ."

"ಅಲ್ಲ ಅಜ್ಜೀ. ಅದು ಬೇರೆ ಪದಾರ್ಥ ಆಯ್ತು. ಇಲ್ಲಿ ಅದೇ ಇದು, ಬೇರೆ ರೂಪದಲ್ಲಿ."

"ಹಾಗಾದ್ರೆ ಹಾಲಿನ ಬದಲು ಹಾಲಿನಪುಡೀನ ನೀರಲ್ಲಿ ಕದಡಿದ ಹಾಗೆ."

"ಹಾಂ, ಹೆಚ್ಚುಕಮ್ಮಿ ಹಾಗೇ."

"ಆ ಕಾಫಿ ಮಾತ್ರ ನಂಗೆ ಬೇಡ," ಎಂದಿತು ಪೇಪರಿನ ಹಿಂದಿನ ಧ್ವನಿ.

ಇಲ್ಲಿಯವರೆಗೂ ಎಲ್ಲ ಸರಿಯಾಗಿಯೇ ಹೋಯಿತು. ಆಮೇಲೆ ವಸು ಏನು ಮಾಡಿದಳು ಕೇಳಿ. ಆ ಕದಡಿದ ಹಾಲನ್ನು ತಗೊಂಡು ಹೋಗಿ ಮತ್ತೆ ಅದೇ ಪಾತ್ರೆಗೆ ಸುರಿದಳು. "ತಾಯಿ ಕೂಡು ಮಗಳು, ನಲವತ್ತೆಂಟು. ತಾಯಿಯ ಜಾಗದಲ್ಲಿ ನಲವತ್ತೆಂಟು ಕಳೆ ಮಗಳು. ಆಮೇಲೆ ಕೂಡು ಮಗಳು. ಕಳೆ ಮಗಳು, ಕೂಡು ಮಗಳು, ಎರಡೂ ಹೊಡೆದುಹೋಯ್ತು. ಉಳಿದಿದ್ದು ನಲವತ್ತೆಂಟು ಇಸ್ ಈಕ್ವಲ್ ಟು ನಲವತ್ತೆಂಟು."

"ಮಗಳೆಲ್ಲೇ?"

"ಹೊಡೆದುಹೋದ್ಲು ಅಂದ್ನಲ್ಲ."

"ಬಿಡ್ತು ಅನ್ನು! ಸಂಜೆ ಹೊತ್ತು ಎಂಥ ಮಾತೇ ಅದು? ತಾಯಿ?"

"ಅವಳೂ ಇಲ್ಲ."

ಕೈಯಲ್ಲಿದ್ದ ಅವರೆಕಾಯಿ ಮೊರದ ಆಚೆ ಬಿತ್ತು. ಇಷ್ಟು ಹೊತ್ತು ಇಬ್ಬರು ಹೆಂಗಸರನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿ ಕೊನೆಗೆ ನೋಡಿದರೆ ಮನೆಯಲ್ಲಿ ಯಾರೂ ಇಲ್ಲ! ವಸುವಿನ ಕಣ್ಣಲ್ಲಿ ನೀರು ತುಂಬಿಕೊಂಡಿತು. ಪರೀಕ್ಷೆಯಲ್ಲೂ ಎಲ್ಲ ಲೆಕ್ಕವೂ ಹೀಗೇ ಆಗಿತ್ತಂತೆ; ಕೊನೆಗೆ ಅದಕ್ಕೆ ಅದೇ ಸಮ ಎಂದು ಬಂದು ನಿಲ್ಲುವುದು. "ಇದನ್ನ ಎರಡನೇ ಸಮೀಕರಣದಲ್ಲಿ ಹಾಕು ಅಂತ ಮಿಸ್ಸು ಹೇಳ್ತಾರೆ. ಯಾಕೆ ಅಂತ ಗೊತ್ತಾಗಲ್ಲ ಅಜ್ಜೀ. ಮೊದಲನೇದೂ ಸಮೀಕರಣವೇ ತಾನೇ? ಬರೀವಾಗ ಕೈ ತಾನಾಗೇ ಮೊದಲನೇದಕ್ಕೇ ಹೋಗುತ್ತೆ."

"ತಪ್ಪೇನಿದೆ ಇದರಲ್ಲಿ?" ನಮ್ಮನೆಯವರು ಪೇಪರು ಪೂರ್ತಿ ಮಡಿಸಿಯೇ ಕೇಳಿದರು. "ನಲವತ್ತೆಂಟಕ್ಕೆ ನಲವತ್ತೆಂಟು ಸಮ. ತಕ್ಕಡಿ ಸರಿಯಾಗಿ ನಿಂತಿದೆ. ಮಗು ಸುಳ್ಳು ಬರೆದಿಲ್ಲ. ಆ ಮಿಸ್ಸಿಗೇ ಬರಲ್ಲ."

ಹೀಗೇ ವಾರಗಳು ಕಳೆದವು. ಅವರೆಕಾಯಿ ಮುಗಿಯುತ್ತ ಬಂತು, ಮಗಳು ಸಿಗಲಿಲ್ಲ. ನನಗೆ ತಲೆ ಚಿಟ್ಟುಹಿಡಿದುಹೋಯಿತು. ಸಾರಿಗೆ ಎರಡು ಸಲ ಉಪ್ಪು ಹಾಕಿದೆ, ಒಂದು ದಿನ ಹಾಕಲೇ ಇಲ್ಲ. ರಾಮು ಊಟಕ್ಕೆ ಕೂತಾಗಲೆಲ್ಲ ವಸುವನ್ನೊಮ್ಮೆ ನನ್ನನ್ನೊಮ್ಮೆ ನೋಡಿ, "ಏನಮ್ಮಾ, ನಿನ್ನ ಓದು ಎಲ್ಲಿಗೆ ಬಂತು?" ಎಂದು ನಗುವನು. ಅವನಿಗೆ ತಮಾಷೆ. ಗಿರಿಜಾ ಹೊಲಿಗೆ ಕ್ಲಾಸಿನ ವಿಷಯ ಎದುರುಮನೆಯವರ ಹತ್ತಿರ ವಿಚಾರಿಸುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. ಸಿಟ್ಟು ಯಾರ ಮೇಲೆ ತೋರಿಸುವುದು? ಆ ನಲವತ್ತೆಂಟರ ಮೇಲೆ ತೋರಿಸಿದೆ. ಕನಸಿನಲ್ಲೂ ಬಂದು ಸಮ ಸಮ ಎಂದು ನಿಲ್ಲುತ್ತಿತ್ತು.

ಅಷ್ಟರಲ್ಲಿ ನನ್ನ ಕಣ್ಣು ತೋರಿಸುವ ದಿನ ಬಂತು. ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ ಎಂದು ನಾನು ಗೊಣಗುತ್ತಿದ್ದೆ. ರಾಮು ಹಿಂದಿನ ದಿನವೇ ಹೋಗಿ ಕಣ್ಣಿನ ಡಾಕ್ಟರ ಹತ್ತಿರ ನನ್ನ ಹೆಸರು ಬರೆಸಿ ಚೀಟಿ ತಂದಿದ್ದ. ಭಾನುವಾರ ಬೆಳಿಗ್ಗೆ ವಸುವನ್ನು ಜೊತೆ ಮಾಡಿಕೊಂಡು ಹೋದೆ. ಬಾಗಿಲ ಬಳಿ ಮೇಜು ಹಾಕಿಕೊಂಡು ಕಾಂಪೌಂಡರ್ ಒಬ್ಬ ಕೂತಿದ್ದ. ಸಾಲು ರಸ್ತೆಯವರೆಗೂ ಇತ್ತು. ನನ್ನ ಸರದಿ ಬಂದಾಗ ಆತ ನಾನು ಕೊಟ್ಟ ಚೀಟಿ ನೋಡಿ, ತನ್ನ ಹತ್ತಿರವಿದ್ದ ಚೀಟಿಗಳನ್ನು ತಿರುವಿ ಹಾಕಿ, "ಅಮ್ಮಾ, ಇದೇ ಹೆಸರಿನೋರು ಇವತ್ತು ಇಬ್ಬರಿದಾರೆ. ನಿಮ್ಮ ಯಜಮಾನರ ಹೆಸರು ಹೇಳಿ" ಅಂದ.

ಈಗ ನಿಮಗೊಂದು ವಿಷಯ ಹೇಳಬೇಕು. ನಾನು ಮದುವೆಯಾಗಿ ಬಂದ ದಿನದಿಂದ ನಮ್ಮನೆಯವರ ಹೆಸರು ಬಾಯಲ್ಲಿ ಹೇಳಿದವಳಲ್ಲ. ಗಂಡನ ಹೆಸರು ಹೇಳಿದರೆ ಅವರ ಆಯಸ್ಸು ಕಡಿಮೆಯಾಗುತ್ತೆ ಎಂದು ನಮ್ಮತ್ತೆ ಹೇಳಿದ್ದರು. ನಿಜವೋ ಸುಳ್ಳೋ, ಪರೀಕ್ಷೆ ಮಾಡಿ ನೋಡುವಂಥ ವಿಷಯವೇ ಅದು? ಇಲ್ಲಿಯವರೆಗೂ ಈ ಬರಹದಲ್ಲೂ ಅವರ ಹೆಸರು ಬಂದಿಲ್ಲ, ನೀವು ಗಮನಿಸಿರಬಹುದು. ಇಂಥ ಸಮಯಕ್ಕೆ ಬೇಕು ಎಂದೇ ನಾವು ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗುವುದು. ಹೇಳು ಎಂದು ವಸುವಿನ ಕಡೆ ನೋಡಿದೆ. ಅವಳು ರಸ್ತೆಯಲ್ಲಿ ಹೋಗುತ್ತಿದ್ದ ಜಟಕಾ ನೋಡುತ್ತಿದ್ದಳು.

"ರಾಮುವಿನ ತಂದೆ," ಅಂದೆ.

"ಯಾವ ರಾಮು?"

"ನಮ್ಮನೆಯವರ ಮಗ."

"ನಿಮ್ಮನೆಯವರು ಅಂದ್ರೆ ಯಾರು ಅಂತ ತಾನೇ ನಾನು ಕೇಳ್ತಿರೋದು?"

"ಅದೇ ಹೇಳ್ದೆನಲ್ಲಪ್ಪ, ರಾಮುವಿನ ತಂದೆ ಅಂತ."

"ರಾಮು ಯಾರಮ್ಮಾ?"

"ಅಯ್ಯೋ, ಅವರ ಮಗನೇ!"

ಹಿಂದಿನಿಂದ ಯಾರೋ, "ಸ್ವಾಮೀ, ಬೇಗ ಕಳಿಸಿ, ಸಾಯಂಕಾಲ ಆಗುತ್ತೆ" ಅಂದರು. ಇನ್ನೊಬ್ಬರು, "ಕಣ್ಣು ತೋರಿಸೋಕೆ ಬಂದಿದಾರೋ ವಂಶವೃಕ್ಷ ಬರೆಸೋಕೆ ಬಂದಿದಾರೋ" ಅಂದರು. ನಾನು ವಸುವಿನ ತೋಳು ಜಿಗುಟಿದೆ. ಅವಳು ಜಟಕಾ ಬಿಟ್ಟು ಯಾವಾಗಲೋ ನಮ್ಮ ಕಡೆ ತಿರುಗಿದ್ದಳು. ಬಾಯಿ ತೆರೆದಿತ್ತು. ಕಣ್ಣು ಅರಳಿತ್ತು. ಹೆಸರು ಹೇಳುವ ಬದಲು ಆ ಸಾಲಿಗೆಲ್ಲ ಕೇಳಿಸುವ ಹಾಗೆ ಕೂಗಿದಳು:

"ಅಜ್ಜೀ! ನಲವತ್ತೆಂಟು ಇಸ್ ಈಕ್ವಲ್ ಟು ನಲವತ್ತೆಂಟು!"

ಕಾಂಪೌಂಡರ್ ನನ್ನ ಮುಖ ನೋಡಿದ, ವಯಸ್ಸಿನ ಜಾಗದಲ್ಲಿ ನಲವತ್ತೆಂಟು ಎಂದು ಬರೆದುಕೊಂಡ. ಅರವತ್ತು ದಾಟಿದವಳು ನಾನು. ತಿದ್ದಬೇಕಿತ್ತು. ಆದರೆ ಆತ ಕಣ್ಣಿನ ಆಸ್ಪತ್ರೆಯಲ್ಲಿ ಕೆಲಸ ಮಾಡುವವನು, ನೋಡಿಯೇ ಬರೆದಿರುತ್ತಾನೆ ಎಂದು ಸುಮ್ಮನಾದೆ.

ಯಜಮಾನರ ಹೆಸರು ಮಾತ್ರ ಬಾಕಿ ಉಳಿಯಿತು. ಕೊನೆಗೆ ನಮ್ಮ ಕಾಲದ ಹೆಂಗಸರಿಗೆಲ್ಲ ಗೊತ್ತಿರುವ ದಾರಿಯನ್ನೇ ಹಿಡಿದೆ. "ಏಳು ಬೆಟ್ಟದ ಮೇಲೆ ನಿಂತಿದಾನಲ್ಲಪ್ಪ, ಅವನ ಹೆಸರು," ಅಂದೆ. ಆತ ಒಂದು ಹೆಸರು ಹೇಳಿದ. ಅಲ್ಲ ಎಂದು ತಲೆಯಾಡಿಸಿದೆ. ಇನ್ನೊಂದು ಹೇಳಿದ. "ಹತ್ತಿರ ಬಂತು" ಅಂದೆ. ಸಾಲಿನಲ್ಲಿ ನಿಂತವರೂ ತಮಗೆ ತೋಚಿದ್ದನ್ನು ಕೂಗತೊಡಗಿದರು. ಮಾಳಿಗೆ ಮೆಟ್ಟಿಲ ಮೇಲೆ ಕೂತಿದ್ದ ಒಬ್ಬ ಮುದುಕಿ ಸರಿಯಾದ ಹೆಸರು ಹೇಳಿದಳು. "ಹೂಂ, ಅದಕ್ಕೆ ಕೊನೇಲಿ ಅಯ್ಯ ಸೇರಿಸ್ಕೊಳ್ಳಿ" ಅಂದೆ. ಎಲ್ಲರೂ ಉಸಿರು ಬಿಟ್ಟರು.

ಮನೆಗೆ ಬರುವ ದಾರಿಯುದ್ದಕ್ಕೂ ವಸುವಿನ ಕಾಲು ನೆಲದ ಮೇಲಿರಲಿಲ್ಲ. "ನೋಡಿದ್ಯಾ ಅಜ್ಜೀ, ತಾತ ಯಾರು ಅಂದ್ರೆ ಅಪ್ಪನ ಅಪ್ಪ. ಅಪ್ಪ ಯಾರು ಅಂದ್ರೆ ತಾತನ ಮಗ. ಎರಡು ಮಾತೂ ಒಂದೇ! ಅದರಲ್ಲೇ ಸುತ್ತಿದ್ರೆ ಸಾಯಂಕಾಲದವರೆಗೂ ಸುತ್ತಬಹುದು, ತಪ್ಪೂ ಇಲ್ಲ, ಉತ್ತರವೂ ಇಲ್ಲ. ನೀನು ತಿರುಪತಿಗೆ ಹೋದೆ ನೋಡು, ಅದು ಬೇರೆ ಕಡೆಯ ಮಾತು. ಆಗ ಸಿಕ್ಕಿದ್ರು ತಾತ. ಅದೇ ಎರಡನೇ ಸಮೀಕರಣ!"

ನಾನು ರೇಗಿದೆ. ಅಷ್ಟು ಜನರ ಮುಂದೆ ನನ್ನ ಮಾನ ಹೋಗುತ್ತಿದ್ದಾಗ ಈ ಹುಡುಗಿ ಲೆಕ್ಕ ಮಾಡುತ್ತ ನಿಂತಿದ್ದಳಂತೆ! ಆದರೆ ಮನೆಗೆ ಬಂದು ಚಪ್ಪಲಿ ಬಿಟ್ಟವಳೇ ನೆಲದ ಮೇಲೆ ಕೂತು ಬರೆಯತೊಡಗಿದಳು. ನಾನೂ ಹೊಸ ಕನ್ನಡಕ ಇಲ್ಲದೆಯೇ ಬಗ್ಗಿ ನೋಡಿದೆ. "ತಾಯಿ ಅಂದ್ರೆ ನಲವತ್ತೆಂಟು ಕಳೆ ಮಗಳು. ಇದನ್ನ ಮೊದಲನೇದರಿಂದ ತಂದೆ. ಇನ್ನು ಅಲ್ಲಿಗೆ ವಾಪಸ್ಸು ಹೋಗಲ್ಲ. ಎರಡನೇದು ಏನನ್ನುತ್ತೆ? ತಾಯಿ ಅಂದ್ರೆ ಮೂರು ಮಗಳು ಅನ್ನುತ್ತೆ. ಹಾಗಾದ್ರೆ ನಲವತ್ತೆಂಟು ಕಳೆ ಮಗಳು ಅಂದ್ರೆ ಮೂರು ಮಗಳು. ಈ ಕಡೆಯ ಮಗಳನ್ನ ಆ ಕಡೆಗೆ ಕಳಿಸಿದ್ರೆ ನಾಲ್ಕು ಮಗಳು ಸೇರಿ ನಲವತ್ತೆಂಟು. ಒಬ್ಬಳಿಗೆ..."

"ಹನ್ನೆರಡು!" ಅಂದೆ ನಾನು. ಮಗ್ಗಿ ಹದಿನಾರರವರೆಗೂ ಬರುತ್ತಿತ್ತೆಂದು ಮೊದಲೇ ಹೇಳಿದ್ದೇನಲ್ಲ.

"ತಾಯಿಗೆ ಮೂವತ್ತಾರು! ಕೂಡಿದ್ರೆ ನಲವತ್ತೆಂಟು!"

ಅಯ್ಯೋ, ಆ ಸಂತೋಷವನ್ನು ಹೇಗೆ ಹೇಳಲಿ! ಅಷ್ಟು ದಿನ ಎಲ್ಲೋ ಕಳೆದುಹೋಗಿದ್ದ ಆ ಮಗಳು ಹನ್ನೆರಡು ವರ್ಷದವಳಾಗಿ, ಎರಡು ಜಡೆ ಹಾಕಿಕೊಂಡು, ಬಾಗಿಲಲ್ಲಿ ಬಂದು ನಿಂತಹಾಗಾಯಿತು. ನಾನು ಎದ್ದು ಹೆಸರುಬೇಳೆ ಪಾಯಸಕ್ಕೆ ಇಟ್ಟೆ. "ಇವತ್ತೇನು ಹಬ್ಬ?" ಎಂದು ನಮ್ಮನೆಯವರು ಕೇಳಿದರು. "ಹುಡುಗಿ ಸಿಕ್ಕಿದಳು" ಅಂದೆ. ಯಾವ ಹುಡುಗಿ ಎಂದು ಕೇಳುವುದನ್ನು ಬಿಟ್ಟು, "ದ್ರಾಕ್ಷಿ ಹಾಕು" ಅಂದರು.

ಆಮೇಲೆ ನಮ್ಮಿಬ್ಬರನ್ನು ಹಿಡಿಯುವವರಿರಲಿಲ್ಲ. ದೋಣಿಯ ಲೆಕ್ಕ, ಹೊಲದ ಉದ್ದಗಲದ ಲೆಕ್ಕ, ಎಲ್ಲ ಮಾಡಿದೆವು. ಎಲ್ಲಿ ಅವಳ ಪೆನ್ಸಿಲು ಹಳೆಯ ಚಾಳಿಗೆ ಬೀಳುತ್ತಿತ್ತೋ ಅಲ್ಲಿ ನಾನು ಸೌಟು ಎತ್ತಿ, "ತಿರುಪತಿಗೆ ಹೋಗೇ!" ಎಂದು ಕೂಗುವೆ. ಅಡಿಗೆಮನೆಯಲ್ಲಿ ಗಿರಿಜಾ, "ಅತ್ತೇ, ಯಾರು ತಿರುಪತಿಗೆ ಹೋಗ್ತಿರೋದು? ರಜಾ ಹಾಕ್ಬೇಕಾ?" ಎಂದು ಗಾಬರಿಯಾಗುವಳು. ಲೆಕ್ಕದ ತಲೆಬುಡ ನನಗೆ ಪೂರ್ತಿ ಅರ್ಥವಾಯಿತು ಎಂದು ಮಾತ್ರ ತಿಳಿಯಬೇಡಿ. ಇವತ್ತಿಗೂ ಆ ಎಕ್ಸ್ ಎಂಬವನನ್ನು ಕಂಡರೆ ನನಗೆ ಆಗುವುದಿಲ್ಲ.

ಪರೀಕ್ಷೆ ಮುಗಿಯಿತು. ಫಲಿತಾಂಶದ ದಿನ ನಾನು ದೇವರ ಮುಂದೆ ಕೂತೇ ಇದ್ದೆ. ವಸು ಗೇಟು ತೆಗೆದ ಸದ್ದಿಗೇ ಗೊತ್ತಾಯಿತು. ಪಾಸು! ಸುಮ್ಮನೆ ಪಾಸಲ್ಲ, ಲೆಕ್ಕದಲ್ಲೇ ಎಲ್ಲಕ್ಕಿಂತ ಹೆಚ್ಚು. ರಾಮು ಎರಡು ಸಲ ಮಾರ್ಕು ನೋಡಿ, "ನಂಗೆ ಮೊದಲೇ ಗೊತ್ತಿತ್ತು" ಅಂದ. ಮಕ್ಕಳು ಅಪ್ಪನನ್ನೇ ಹೋಲುತ್ತವೆ, ಏನು ಮಾಡುವುದು! ಅವನು ಹೊಲಿಗೆ ಕ್ಲಾಸಿನ ಮಾತು ಮತ್ತೆ ಎತ್ತಲಿಲ್ಲ. "ಕಾಲೇಜಿಗೂ ಈಗಲೇ ಯೋಚನೆ ಮಾಡ್ಬೇಕು" ಅಂದ. ನಾನು ಒಳಗೆ ಹೋಗಿ, ಯಾರೂ ನೋಡದ ಹಾಗೆ, ಎಷ್ಟೋ ವರ್ಷದಿಂದ ಬಾಕಿ ಇದ್ದ ಒಂದು ಅಳು ಅತ್ತು ಬಂದೆ.

ಮಾರನೇ ದಿನ ಮಿಸ್ಸು ಹೇಳಿಕಳಿಸಿದರು. ಆ ಲೆಕ್ಕದ ಗಂಧವೇ ಇಲ್ಲದವರನ್ನು ಒಮ್ಮೆ ನೋಡಬೇಕಂತೆ. ನಾನು ರೇಷ್ಮೆ ಸೀರೆ ಉಟ್ಟೆ. ನಮ್ಮನೆಯವರು ಕೋಟು ಹಾಕಿಕೊಂಡು ತಾವೂ ಹೊರಟರು, ತಕ್ಕಡಿಯ ವಿಷಯ ಹೇಳಿಕೊಟ್ಟವರು ಅವರೇ ಅಂತೆ. ಸ್ಕೂಲಿನ ಕೋಣೆಯಲ್ಲಿ ನಾಲ್ಕೈದು ಮಿಸ್ಸುಗಳು ಕೂತಿದ್ದರು. ಲೆಕ್ಕದ ಮಿಸ್ಸು ಎಂದರೆ ದಪ್ಪ ಕನ್ನಡಕದ ಸಿಡುಕಿ ಎಂದುಕೊಂಡಿದ್ದೆ. ನೋಡಿದರೆ ಗಿರಿಜೆಗಿಂತ ಚಿಕ್ಕವಳು, ನಗುಮುಖ. ಎದ್ದು ನಿಂತು ಕೈಮುಗಿದು, "ಬನ್ನಿ ಅಮ್ಮಾ. ನಿಮ್ಮ ಹೆಸರೇನು?" ಅಂದಳು.

"ವಸುವಿನ ಅಜ್ಜಿ," ಅಂದೆ.

"ಅದು ಗೊತ್ತು. ನಿಮ್ಮ ಹೆಸರು?"

"ರಾಮುವಿನ ತಾಯಿ."

ಅವಳು ನಗುತ್ತ ನಮ್ಮನೆಯವರ ಕಡೆ ತಿರುಗಿ, "ನೀವಾದ್ರೂ ಹೇಳಿ ಸಾರ್" ಅಂದಳು. ಇವರು ಕೆಮ್ಮಿದರು. ಕೋಟಿನ ಗುಂಡಿ ಮುಟ್ಟಿಕೊಂಡರು. ಮದುವೆಯಾದಾಗಿನಿಂದ ನನ್ನನ್ನು ಏನೇ, ಇವಳೇ ಎಂದು ಬಿಟ್ಟು ಇನ್ನೊಂದು ಕರೆದವರಲ್ಲ. "ಇವಳು... ನಮ್ಮನೇಲಿ... ರಾಮುವಿನ ತಾಯಿ," ಅಂದರು.

"ಹಾಗಾದ್ರೆ ತಾವು?"

ಅವರು ಬಾಯಿ ತೆರೆಯುವ ಮೊದಲೇ, ಅಭ್ಯಾಸಬಲ ನೋಡಿ, "ರಾಮುವಿನ ತಂದೆ" ಎಂದುಬಿಟ್ಟೆ ನಾನು.

ವಸು ಹಣೆ ಚಚ್ಚಿಕೊಂಡಳು. "ಮಿಸ್, ಇವರಿಬ್ಬರನ್ನ ಕೇಳಿದ್ರೆ ನಲವತ್ತೆಂಟು ಇಸ್ ಈಕ್ವಲ್ ಟು ನಲವತ್ತೆಂಟೇ ಬರೋದು," ಅಂದು, ಎರಡು ಹೆಸರನ್ನೂ ತಾನೇ ಗಟ್ಟಿಯಾಗಿ ಹೇಳಿದಳು. ಮಿಸ್ಸುಗಳೆಲ್ಲ ನಕ್ಕರು. ಇವರ ಹೆಸರನ್ನು ಹೇಳಿದ್ದು ಮೊಮ್ಮಗಳು ತಾನೇ, ಆಯಸ್ಸಿಗೇನೂ ಆಗುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಲೆಕ್ಕದ ಮಿಸ್ಸು ಕುರ್ಚಿಯೊಂದನ್ನು ಮುಂದಕ್ಕೆ ಎಳೆದು, "ನಾಗಲಕ್ಷ್ಮಮ್ಮನವರೇ, ಬನ್ನಿ, ಕೂತ್ಕೊಳ್ಳಿ" ಅಂದಳು.

ಇದ್ಯಾರಪ್ಪ ಈ ನಾಗಲಕ್ಷ್ಮಮ್ಮ, ಯಾವಾಗ ಬಂದರು ಎಂದು ನಾನು ಹಿಂದೆ ತಿರುಗಿ ನೋಡಿದೆ.